ನಸುಕಿನ ಬಿಲ್ಲಿಗೆ ನಿನ್ನೆಯ ತಾರೀಖು: ಟೈಮ್ ಝೋನ್ ಸರಿಪಡಿಸುವುದು ಹೇಗೆ?

ಕಾರವಾರದ ಬೈತಖೋಲ ಬಂದರಿನಲ್ಲಿ ನಸುಕಿನ ನಾಲ್ಕೂವರೆಗೆ ಮೀನು ತೂಗಿ ಹಾಕಿದ ಬಿಲ್ಲಿನಲ್ಲಿ ನಿನ್ನೆಯ ತಾರೀಖು, ರಾತ್ರಿ 11 ಗಂಟೆ ಎಂದು ಬಂದಿದೆಯೇ? ಹಾಗಿದ್ದರೆ ಕೆಟ್ಟಿರುವುದು ಗಡಿಯಾರವಲ್ಲ. ಸಾಫ್ಟ್‌ವೇರ್ ಭಾರತದ ಸಮಯ ಬಿಟ್ಟು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಪ್ರಮಾಣ ಸಮಯ, ಹಿಡಿದಿದೆ. ಬಾಡಿಗೆ ಸರ್ವರ್‌ಗಳು ಹೆಚ್ಚಾಗಿ ಯುಟಿಸಿಯಲ್ಲೇ ಬರುತ್ತವೆ, ಯಾರೂ ಮುಟ್ಟದಿದ್ದರೆ ಹಾಗೇ ಉಳಿಯುತ್ತವೆ.

ಬೆಳಿಗ್ಗೆ 5.30 ದಾಟಿದ ಮೇಲಿನ ಬಿಲ್ಲುಗಳಲ್ಲಿ ಗಂಟೆ ತಪ್ಪಿದರೂ ತಾರೀಖು ಸರಿಯಿರುತ್ತದೆ. ಹಾಗಾಗಿ ಶಿರಸಿಯಲ್ಲಿ ಹಗಲು ಹೊತ್ತಿನಲ್ಲಷ್ಟೇ ಅಡಿಕೆ ವ್ಯಾಪಾರ ಮಾಡುವವರಿಗೆ ಈ ದೋಷ ಎಷ್ಟೋ ಕಾಲ ಕಣ್ಣಿಗೇ ಬೀಳದು. ನಸುಕಿನಲ್ಲಿ ವ್ಯಾಪಾರ ಮಾಡುವವರಿಗಾದರೆ ಏಪ್ರಿಲ್ 1ರ ನಸುಕಿನ ಬಿಲ್ಲುಗಳು ಹಿಂದಿನ ಹಣಕಾಸು ವರ್ಷಕ್ಕೆ ಸೇರಿಕೊಂಡು ಲೆಕ್ಕ ತಾಳೆಯಾಗುವುದಿಲ್ಲ.

ಮೊದಲು ವ್ಯತ್ಯಾಸ ಅಳೆಯಿರಿ

ಮೊಬೈಲಿನ ಸಮಯ ನೋಡಿಕೊಂಡು ಒಂದು ಪರೀಕ್ಷಾ ಬಿಲ್ ಹಾಕಿ. ಐದೂವರೆ ಗಂಟೆ ಹಿಂದಿದ್ದರೆ ಯುಟಿಸಿ. ಹದಿಮೂರೂವರೆ ಗಂಟೆ ಹಿಂದಿದ್ದರೆ ಅಮೆರಿಕದ ಪೆಸಿಫಿಕ್ ಸಮಯ. ಹೊಸದಾಗಿ ವಿಂಡೋಸ್ ಹಾಕಿ ಝೋನ್ ಆಯದೆ ಬಿಟ್ಟಲ್ಲಿ ಇದು ಸಾಮಾನ್ಯ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿ ಗಡಿಯಾರ ಒಂದು ತಾಸು ಮುಂದಿರುವುದರಿಂದ ಇದೇ ದೋಷ ಹನ್ನೆರಡೂವರೆ ಗಂಟೆಯಾಗಿ ಕಾಣುತ್ತದೆ. ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ಎರಡೂವರೆ ಗಂಟೆ ಮುಂದಿದ್ದರೆ ಅದು ಚೀನಾ ಸಮಯ. ವರ್ಷವೇ ಹಿಂದಕ್ಕೆ ಹೋಗಿದ್ದರೆ ಝೋನ್ ಹುಡುಕಬೇಡಿ, ಮದರ್‌ಬೋರ್ಡಿನಲ್ಲಿ ಗಡಿಯಾರ ನಡೆಸುವ ಬಿಲ್ಲೆಯಂಥ ಸಿಆರ್2032 ಸೆಲ್ ಬದಲಿಸಿ.

ಗಡಿಯಾರವನ್ನು ಕೈಯಿಂದ ಐದೂವರೆ ಗಂಟೆ ಮುಂದಕ್ಕೆ ತಳ್ಳುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ಆಟೋಮ್ಯಾಟಿಕ್ ಸಮಯ ಚಾಲೂ ಇದ್ದರೆ ಅದು ಮತ್ತೆ ಹಿಂದಕ್ಕೆ ಬರುತ್ತದೆ. ಆಫ್ ಮಾಡಿದರೆ ಒಳಗಿನ ಯುಟಿಸಿಯೇ ತಪ್ಪಾಗಿ, ಲಾಗಿನ್‌ಗೆ ಕೋಡ್ ಕೊಡುವ ಆಥೆಂಟಿಕೇಟರ್ ಆ್ಯಪ್‌ನ ಕೋಡ್ ಹೊಂದುವುದಿಲ್ಲ, ಕೆಲವು ವೆಬ್‌ಸೈಟ್ ತೆರೆಯುವುದೂ ಇಲ್ಲ.

ಒಂದೊಂದೇ ಪದರ

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಡೇಟ್ ಆ್ಯಂಡ್ ಟೈಮ್‌ಗೆ ಹೋಗಿ. ಝೋನ್ ತಾನಾಗಿ ಆಯುವ ಗುಂಡಿ ಆಫ್ ಮಾಡಿ, ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಎಂದಿರುವ +05:30 ಸಾಲು ಆಯ್ದು 'ಸಿಂಕ್ ನೌ' ಒತ್ತಿ. ಬಿಲ್ಲಿಂಗ್ ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ಓಡುತ್ತಿರುವ ಪ್ರೋಗ್ರಾಂ ಹಳೇ ಝೋನನ್ನೇ ಹಿಡಿದು ಕೂತಿರಬಹುದು.

ಲಿನಕ್ಸ್ ಸರ್ವರ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ (timedatectl) ಆದೇಶ ಈಗಿನ ಝೋನ್ ತೋರಿಸುತ್ತದೆ. ಅದರಲ್ಲೇ 'ಸೆಟ್-ಟೈಮ್‌ಝೋನ್' (set-timezone) ಕೊಟ್ಟು ಏಷ್ಯಾ/ಕೋಲ್ಕತಾ (Asia/Kolkata) ಎಂದು ಬದಲಿಸಿ. ಪಟ್ಟಿಯಲ್ಲಿ ಬೆಂಗಳೂರು ಹುಡುಕಿ ಪ್ರಯೋಜನವಿಲ್ಲ, ಇಡೀ ದೇಶಕ್ಕೆ ಇದೊಂದೇ ಹೆಸರು. ಹಳೇ ಯಂತ್ರಗಳಲ್ಲಿ ಕಾಣುವ ಏಷ್ಯಾ/ಕಲ್ಕಟ್ಟಾ ಕೂಡ ಇದೇ.

ಕೆಲಸ ಕೆಡುವುದು ಹೆಚ್ಚಾಗಿ ಡೇಟಾಬೇಸ್‌ನಲ್ಲಿ. ದಾಖಲೆ ಇಡುವ ಮೈಎಸ್‌ಕ್ಯುಎಲ್ ಡೇಟಾಬೇಸ್ ತಾನು ಶುರುವಾಗುವಾಗ ಯಂತ್ರದ ಝೋನ್ ಓದಿಕೊಳ್ಳುತ್ತದೆ. ಹಾಗಾಗಿ ಯಂತ್ರದಲ್ಲಿ ಬದಲಿಸಿದ ಮೇಲೆ ಅದನ್ನೂ ರೀಸ್ಟಾರ್ಟ್ ಮಾಡಬೇಕು. ಟೈಮ್‌ಸ್ಟ್ಯಾಂಪ್ ಕಾಲಂಗಳು ಒಳಗೆ ಯುಟಿಸಿಯಲ್ಲಿದ್ದು ತೋರಿಸುವಾಗ ಝೋನಿಗೆ ತಕ್ಕಂತೆ ಬದಲಾಗುತ್ತವೆ, ಹಳೇ ದಾಖಲೆಗಳೂ ಸಾಮಾನ್ಯವಾಗಿ ತಾವೇ ಸರಿಯಾಗುತ್ತವೆ. ಡೇಟ್‌ಟೈಮ್ ಕಾಲಂ ಹಾಗಲ್ಲ, ಬರೆದದ್ದು ಬರೆದಂತೆ ಇರುತ್ತದೆ. ಅದಕ್ಕೆ ಬ್ಯಾಕಪ್ ತೆಗೆದು, ಬದಲಾವಣೆಗೆ ಮುಂಚಿನ ಸಾಲುಗಳಿಗಷ್ಟೇ ಐದೂವರೆ ಗಂಟೆ ಕೂಡಿಸಬೇಕು. ಗಿರಾಕಿಯ ಕೈ ಸೇರಿದ ಜಿಎಸ್‌ಟಿ ಬಿಲ್ಲಿನ ತಾರೀಖನ್ನು ಮಾತ್ರ ಲೆಕ್ಕಪರಿಶೋಧಕರನ್ನು ಕೇಳದೆ ತಿದ್ದಬೇಡಿ.

ವೆಬ್ ಪ್ರೋಗ್ರಾಂ ಬರೆಯುವ ಪಿಎಚ್‌ಪಿ ಭಾಷೆಗೆ ಅದರದ್ದೇ ಸೆಟ್ಟಿಂಗ್ ಫೈಲ್ ಉಂಟು, ಏನೂ ಹೇಳದಿದ್ದರೆ ಅದೂ ಯುಟಿಸಿಯೇ. ಎಷ್ಟೋ ಸರ್ವರ್‌ಗಳಲ್ಲಿ ಇಂಥ ಫೈಲ್ ಎರಡಿರುತ್ತವೆ, ಒಂದು ಕಮಾಂಡ್ ಲೈನಿಗೆ, ಇನ್ನೊಂದು ವೆಬ್ ಸರ್ವರಿಗೆ. ತಿದ್ದಿದರೂ ಏನೂ ಬದಲಾಗಲಿಲ್ಲವೆಂದರೆ ನೀವು ಮುಟ್ಟಿದ್ದು ಬಹುಶಃ ಮೊದಲನೆಯದು. ಗೋಕರ್ಣದ ಹೋಂಸ್ಟೇಯವರ ವರ್ಡ್‌ಪ್ರೆಸ್ ಸೈಟಿಗಾದರೆ ಸೆಟ್ಟಿಂಗ್ಸ್, ಜನರಲ್‌ನಲ್ಲಿ ಕೋಲ್ಕತಾ ಆಯ್ದರೆ ಸಾಕು.

ಕೊನೆಗೆ ಮತ್ತೊಂದು ಪರೀಕ್ಷಾ ಬಿಲ್ ಹಾಕಿ, ಮುದ್ರಿತ ಪ್ರತಿ ಮತ್ತು ವರದಿಯ ಪರದೆ ಎರಡರಲ್ಲೂ ಸಮಯ ನೋಡಿ. ಈಗ ಐದೂವರೆ ಗಂಟೆ ಮುಂದೆ ಹೋಗಿದ್ದರೆ ತಿದ್ದುಪಡಿ ಎರಡು ಸಲ ಆಗಿದೆ: ಪ್ರೋಗ್ರಾಂ ಬರೆದವರು ಕೋಡ್‌ನೊಳಗೆ ಮೊದಲೇ 5.30 ಕೂಡಿಸಿಟ್ಟಿದ್ದಾರೆ. ಆ ಸಾಲನ್ನು ತೆಗೆಸಿ. ಇಲ್ಲವಾದರೆ ಸಂಜೆ 6.30ರ ನಂತರದ ಬಿಲ್ಲುಗಳಿಗೆಲ್ಲ ನಾಳೆಯ ತಾರೀಖು ಬೀಳುತ್ತದೆ.