ಔಷಧಿ ಗೋಡೌನಿನಿಂದ ಗ್ಯಾಲರಿಗೆ

ಗ್ಯಾಲರಿಗೆ ಬಂದವರು ಎಲ್ಲ ನೋಡಿ ಮುಗಿಸಿ, ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳುವ ಪ್ರಶ್ನೆ ಒಂದೇ. "ನೀವೂ ಚಿತ್ರ ಬರೀತೀರಾ ಸಾರ್?" ಇಲ್ಲ ಅಂತೀನಿ. ನನಗೆ ನೆಟ್ಟಗೆ ಒಂದು ಗೆರೆ ಎಳೆಯೋಕೂ ಬರಲ್ಲ. 19 ವರ್ಷ ಇಲ್ಲೇ ಮೈಸೂರಿನಲ್ಲಿ ಒಂದು ಔಷಧಿ ಡಿಪೋದಲ್ಲಿ ಸ್ಟಾಕ್ ನೋಡಿಕೊಳ್ಳುತ್ತಿದ್ದವನು ನಾನು. ಬ್ಯಾಚ್ ನಂಬರು, ಎಕ್ಸ್‌ಪೈರಿ ಡೇಟು, ಒಡೆದ ಬಾಟಲಿಗಳ ಲೆಕ್ಕ, ದಿನಕ್ಕೆರಡು ಸಲ ಫ್ರಿಜ್ಜಿನ ಟೆಂಪರೇಚರ್ ಬರೆದಿಡೋದು. ಹೀಗೆ ಹೇಳಿದ ತಕ್ಷಣ ಕೆಲವರ ಮುಖ ಸ್ವಲ್ಪ ಸಪ್ಪಗಾಗುತ್ತೆ. ಕಲೆಯ ಮನೆಯಲ್ಲಿ ಮಾತ್ರೆ ಎಣಿಸುವವನಿಗೆ ಏನು ಕೆಲಸ ಅಂತ ಇರಬೇಕು.

ಕೆಲಸ ಬಿಟ್ಟ ಮೇಲೆ ಸರಸ್ವತಿಪುರಂನಲ್ಲಿದ್ದ ನಮ್ಮ ಸೋದರತ್ತೆಯ ಹಳೇ ಮನೆ ಖಾಲಿ ಬಿದ್ದಿತ್ತು. ಒಂದು ಹಾಲು, ಎರಡು ರೂಮು, ಹಿಂದೆ ಒಂದು ಹಿತ್ತಲು. ಅತ್ತೆ ಬಾಡಿಗೆ ಬೇಡ ಅಂದರು. ಆದರೆ ಹಾಲಿನ ಗೋಡೆಯಲ್ಲಿರುವ ದೇವರ ಗೂಡು ಮಾತ್ರ ಮುಚ್ಚಬಾರದು ಅಂತ ಕರಾರು ಹಾಕಿದರು. ಹಾಗಾಗಿ ನಮ್ಮ ಗ್ಯಾಲರಿಯ ಮುಖ್ಯ ಗೋಡೆಯ ನಡುವೆ ಇವತ್ತಿಗೂ ಒಂದು ಗೂಡಿದೆ, ಅದರಲ್ಲಿ ದೀಪ ಇದೆ. ಒಮ್ಮೆ ಬೆಂಗಳೂರಿನಿಂದ ಬಂದ ಒಬ್ಬರು ಅದನ್ನೂ ಒಂದು ಕಲಾಕೃತಿ ಅಂದುಕೊಂಡು ಹತ್ತು ನಿಮಿಷ ನೋಡಿದರು, ಬೆಲೆ ಕೇಳುವುದೊಂದು ಬಾಕಿ.

ನಾವು ಒಟ್ಟು ನಾಲ್ಕು ಜನ. ನಮ್ಮ ಬಗ್ಗೆ ಬರೆಯಿರಿ ಅಂತ ಕೆಲವರು ಕೇಳಿದ್ದಕ್ಕೆ ಇದು. ಹೊಸದಾಗಿ ಗ್ಯಾಲರಿ ಮಾಡಬೇಕು ಅಂತಿರುವವರು ಮೊದಲು ಕಲಾವಿದರನ್ನು ಹುಡುಕುತ್ತಾರೆ, ಆಮೇಲೆ ಒಳ್ಳೆ ಬಿಳೀ ಗೋಡೆ. ನನ್ನ ಕೇಳಿದರೆ ಮೊದಲು ಹುಡುಕಬೇಕಾದ್ದು ಬೇರೆ. ಇನ್ನೊಬ್ಬರ ವಸ್ತುವನ್ನು ಎಣಿಸಿ ತಗೊಂಡು, ಎಣಿಸಿ ವಾಪಸ್ ಕೊಟ್ಟು ಅಭ್ಯಾಸ ಇರುವ ಒಬ್ಬ ಮನುಷ್ಯ.

ಇದು ನನಗೆ ಮೊದಲನೇ ಪ್ರದರ್ಶನದಲ್ಲೇ ಗೊತ್ತಾಯಿತು, ಅದೂ ದುಡ್ಡು ಕಳಕೊಂಡು. 26 ಚಿತ್ರ ಬಂದವು. ಉತ್ಸಾಹದಲ್ಲಿ ಬಿಚ್ಚಿ ಗೋಡೆಗೆ ಒರಗಿಸಿದೆವು, ಯಾರೂ ಏನೂ ಬರೆದುಕೊಳ್ಳಲಿಲ್ಲ. ವಾಪಸ್ ಕಳಿಸುವಾಗ ಒಂದು ಕ್ಯಾನ್ವಾಸಿನ ಮೂಲೆ ಜಜ್ಜಿದೆ ಅಂತ ಕಲಾವಿದರು ಫೋನ್ ಮಾಡಿದರು. ನಮ್ಮಲ್ಲಿ ಆಯಿತೋ, ಬರುವಾಗಲೇ ಹಾಗಿತ್ತೋ? ಹೇಳಲು ನನ್ನ ಹತ್ತಿರ ಒಂದು ಫೋಟೋ ಇಲ್ಲ, ಒಂದು ಸಾಲು ಬರಹ ಇಲ್ಲ. ಡಿಪೋದಲ್ಲಿ ಒಂದು ಕೆಮ್ಮಿನ ಸಿರಪ್ಪಿನ ಪೆಟ್ಟಿಗೆ ಒದ್ದೆಯಾಗಿ ಬಂದರೂ ಲಾರಿ ಡ್ರೈವರಿನ ಸಹಿ ಹಾಕಿಸಿಕೊಳ್ಳದೆ ಇಳಿಸುತ್ತಿರಲಿಲ್ಲ ನಾನು. ಇಲ್ಲಿ ಮಾತ್ರ ಕಲೆ ಅಂತ ಮರ್ಯಾದೆ ಕೊಟ್ಟು ಬುದ್ಧಿ ಬದಿಗಿಟ್ಟಿದ್ದೆ. ರಿಪೇರಿ ಖರ್ಚು ಕೊಟ್ಟೆ, ಮರುದಿನವೇ ಒಂದು ಉದ್ದನೆ ರಿಜಿಸ್ಟರ್ ತಂದೆ.

ಈಗ ಪ್ರತಿ ಚಿತ್ರಕ್ಕೂ ಒಂದು ನಂಬರು. ಬಂದ ದಿನವೇ ಹಿಂದೆ ಮುಂದೆ ಮತ್ತು ನಾಲ್ಕೂ ಮೂಲೆಗಳ ಫೋಟೋ. ಗೀರು, ಬಿರುಕು, ಕಲೆ ಏನಿದ್ದರೂ ಎಲ್ಲಿದೆ ಅಂತ ಸೆಂಟಿಮೀಟರ್ ಲೆಕ್ಕದಲ್ಲಿ. ಕೆಳಗೆ ಎರಡು ಸಹಿ. ವಾಪಸ್ ಹೋಗುವಾಗ ಅದೇ ಹಾಳೆ ಮತ್ತೆ ಹೊರಗೆ. ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಇದಕ್ಕೆ ಕಂಡೀಷನ್ ರಿಪೋರ್ಟ್ ಅಂತಾರಂತೆ. ನನಗೆ ಅದು ಡ್ಯಾಮೇಜ್ ರಿಜಿಸ್ಟರ್, ಹೆಸರು ಮಾತ್ರ ಇಂಗ್ಲಿಷ್ ಜಾಸ್ತಿ.

ಎರಡನೆಯವರು ಫ್ರೇಮ್ ಅಣ್ಣ. ಅವರ ಅಪ್ಪನ ಕಾಲದಿಂದ ದೇವರ ಫೋಟೋಗೆ ಕಟ್ಟು ಹಾಕುವ ಕಸುಬು. ನಮ್ಮಲ್ಲಿ ಅತಿ ಹೆಚ್ಚು ಚಿತ್ರಗಳನ್ನು ಕೈಯಲ್ಲಿ ಮುಟ್ಟಿರುವವರು ಅವರೇ. ಒಮ್ಮೆ ಮೈಸೂರು ಶೈಲಿಯ ಒಂದು ಚಿತ್ರ ಗಾಜಿಗೆ ತಾಗಿಕೊಂಡಂತೆ ಕಟ್ಟು ಹಾಕಿ ಬಂದಿತ್ತು. ಅದನ್ನು ನೋಡಿದ್ದೇ "ಯಾರ್ ಸಾರ್ ಹಿಂಗ್ ಮಾಡಿದ್ದು?" ಅಂತ ಕೂತುಬಿಟ್ಟರು. ಆ ಶೈಲಿಯಲ್ಲಿ ಒಡವೆ, ಜರಿ ಇರುವ ಕಡೆ ಗೆಸ್ಸೋ ಕೆಲಸ, ಅಂದರೆ ಪುಡಿ ಮತ್ತು ಅಂಟು ಕಲಸಿದ ಲೇಪ, ಸ್ವಲ್ಪ ಉಬ್ಬಿರುತ್ತೆ, ಅದರ ಮೇಲೆ ಚಿನ್ನದ ರೇಕು. ಗಾಜು ಒತ್ತಿದರೆ, ತೇವ ಸೇರಿದರೆ, ರೇಕು ಗಾಜಿಗೇ ಅಂಟಿಕೊಂಡು ಬರಬಹುದು. ಗಾಜಿಗೂ ಚಿತ್ರಕ್ಕೂ ನಡುವೆ ತೆಳು ಮರದ ಪಟ್ಟಿ ಕೊಟ್ಟು ಮತ್ತೆ ಕಟ್ಟಿದರು. ತೈಲವರ್ಣದ ಮೇಲೆ ನೇರವಾಗಿ ಗುಳ್ಳೆ ಪ್ಲಾಸ್ಟಿಕ್ ಸುತ್ತಬಾರದು, ಗುಳ್ಳೆಯ ಗುರುತು ಬಣ್ಣದ ಮೇಲೆ ಕೂರುತ್ತೆ, ಮಧ್ಯೆ ಒಂದು ನುಣುಪು ಕಾಗದ ಬೇಕು ಅಂತ ಹೇಳಿಕೊಟ್ಟವರೂ ಅವರೇ.

ಬ್ಯಾಂಕಿನ ಸಾರ್ ಮೂರನೆಯವರು. ನಿವೃತ್ತ ಮ್ಯಾನೇಜರು, ಜೀವನಪೂರ್ತಿ ಬೆಳೆಸಾಲ, ಚಿನ್ನದ ಸಾಲ ನೋಡಿದವರು. ಚಿತ್ರಗಳ ಬಗ್ಗೆ ಅವರಿಗೆ ಒಂದೇ ಅಭಿಪ್ರಾಯ, "ಚೆನ್ನಾಗಿದೆ." ಎಲ್ಲಕ್ಕೂ ಅದೇ. ಆದರೆ ಬಂದ ಮೊದಲ ವಾರವೇ ಎರಡು ಬ್ಯಾಂಕ್ ಖಾತೆ ಮಾಡಿಸಿದರು. ಮಾರಾಟದ ಹಣ ಒಂದಕ್ಕೆ ಬರುತ್ತೆ, ಅಲ್ಲಿಂದ ನಮ್ಮ 30 ಪರ್ಸೆಂಟ್ ಕಮಿಷನ್ ಮಾತ್ರ ಇನ್ನೊಂದಕ್ಕೆ. ಮಿಕ್ಕಿದ್ದು 15 ದಿನದೊಳಗೆ ಕಲಾವಿದರಿಗೆ. ನಾನು ಒಂದು ಸಲ, ಕರೆಂಟ್ ಬಿಲ್ ಕಟ್ಟಿಬಿಡೋಣ ಸಾರ್, ಆಮೇಲೆ ತುಂಬಿದರಾಯಿತು ಅಂದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಡವಿಟ್ಟ ಒಡವೇನ ಮದುವೆಗೆ ಹಾಕ್ಕೊಂಡು ಹೋಗ್ತೀರೇನ್ರೀ?" ಆಮೇಲೆ ನಾನು ಆ ಮಾತೇ ಎತ್ತಿಲ್ಲ.

ಕಾನೂನು ಓದುವ ಚಟವೂ ಅವರಿಗಿದೆ. ಚಿತ್ರ ಕೊಂಡವರಿಗೆ ಚಿತ್ರ ಸೇರುತ್ತೆ, ಬರೆದು ಕೊಡದಿದ್ದರೆ ಕಾಪಿರೈಟ್ ಕಲಾವಿದರ ಹತ್ತಿರವೇ ಉಳಿಯುತ್ತೆ. ಮನೆಗೆ ತಗೊಂಡು ಹೋಗಿ ಕ್ಯಾಲೆಂಡರ್ ಮಾಡಿಸುವಂತಿಲ್ಲ. ಇದನ್ನು ಒಂದು ಸಾಲಾಗಿ ನಮ್ಮ ಬಿಲ್ಲಿನ ಕೆಳಗೇ ಅಚ್ಚು ಹಾಕಿಸಿದ್ದಾರೆ. ಚಿತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12 ಪರ್ಸೆಂಟಿನಿಂದ 5ಕ್ಕೆ ಇಳಿದಾಗ ಬೆಲೆಪಟ್ಟಿ ತಿದ್ದಿ ಇಟ್ಟಿದ್ದೂ ಅವರೇ. ನಾನಿನ್ನೂ ಪೇಪರ್ ಓದಿರಲಿಲ್ಲ.

ನಾಲ್ಕನೆಯವನು ಹುಡುಗ. ಸಿದ್ಧಾರ್ಥನಗರದ ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಓದಿದವನು. ನಮ್ಮಲ್ಲಿ ಕಲೆಯ ಡಿಗ್ರಿ ಇರುವ ಒಬ್ಬನೇ ಒಬ್ಬ. ಯಾರ ಚಿತ್ರ ತರಬೇಕು, ಯಾವುದರ ಪಕ್ಕ ಯಾವುದು ಇರಬೇಕು, ಇದು ಪೂರ್ತಿ ಅವನ ಮಾತು. ನಾವು ಮೂವರೂ ಬಾಯಿ ಹಾಕಲ್ಲ. ಹಾಕಿದರೂ ಅವನು ಕೇಳಲ್ಲ ಬಿಡಿ.

ಬೆಳಕಿನ ಪಾಠ ಅವನಿಂದ ಆಯಿತು. ಮೊದಲು ನಾನು ಔಷಧಿ ಅಂಗಡಿ ಥರ ಟ್ಯೂಬ್‌ಲೈಟು ತುಂಬಿಸಿದ್ದೆ. ಅವನು ಏನೂ ಹೇಳದೆ ನನ್ನನ್ನು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋದ. 1861ರ ಕಟ್ಟಡ, 1915ರಿಂದ ಚಿತ್ರಶಾಲೆ. ಚಿಕ್ಕಂದಿನಲ್ಲಿ ಸ್ಕೂಲಿನಿಂದ ಸಾಲಾಗಿ ಹೋಗಿ ನೋಡಿದ್ದ ಜಾಗ. ಅಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಲ್ಲಿಸಿದ. ಮೈಸೂರಿನಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ರವಿವರ್ಮ ಬರೆದದ್ದು ಅಂತಲೇ ನಂಬಿದ್ದೆ, ಅದೂ ತೈಲವರ್ಣ ಅಂತ. ಎರಡೂ ತಪ್ಪು. ಬರೆದವರು ಎಸ್. ಎಲ್. ಹಳದಣಕರ್, 1945-46ರ ಹೊತ್ತಿಗೆ, ಮಗಳನ್ನೇ ನಿಲ್ಲಿಸಿಕೊಂಡು. ಅದು ಜಲವರ್ಣ. ಕತ್ತಲಲ್ಲಿ ಇಟ್ಟಿರುವುದಕ್ಕೇ ಅದರ ದೀಪ ಉರಿಯುವ ಹಾಗೆ ಕಾಣುವುದು. "ಇಲ್ಲಿ ನಿಮ್ಮ ಟ್ಯೂಬ್‌ಲೈಟ್ ಹಾಕಿದ್ರೆ ಹೇಗಿರುತ್ತೆ ಹೇಳಿ ಅಂಕಲ್" ಅಂದ. ವಾಪಸ್ ಬರುವ ದಾರಿಯಲ್ಲೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಈಗ ಕಾಗದದ ಮೇಲಿನ ಚಿತ್ರಕ್ಕೆ 50 ಲಕ್ಸ್ ಆಸುಪಾಸು, ತೈಲವರ್ಣಕ್ಕೆ 200. ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ. ಜಾಸ್ತಿ ಬೆಳಕಿಗೆ ಜಲವರ್ಣ ಮಾಸುತ್ತೆ, ಮಾಸಿದ್ದು ತಿರುಗಿ ಬರಲ್ಲ. ಬೆಳಕು ಅಳೆಯುವ ಮೀಟರಿನ ರೀಡಿಂಗ್ ಬರೆದಿಡುವ ಕೆಲಸ ಮಾತ್ರ ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ತೇವದ ವಿಷಯದಲ್ಲಿ ಡಿಪೋ ಮತ್ತೆ ಕೈ ಹಿಡಿಯಿತು. ಒಂದು ಆಷಾಢದಲ್ಲಿ ಸೋನೆ ಹಿಡಿದು ವಾರಗಟ್ಟಲೆ ಬಿಸಿಲೇ ಇಲ್ಲ. ಹಿತ್ತಲ ಕಡೆಯ ಗೋಡೆ ತಣ್ಣಗೆ, ಮುಟ್ಟಿದರೆ ಬೆರಳಿಗೆ ತಿಳಿಯುವಷ್ಟು. ಗಾಳಿಯ ತೇವ 65 ಪರ್ಸೆಂಟ್ ದಾಟಿದರೆ ಕಾಗದಕ್ಕೆ ಬೂಷ್ಟು ಹಿಡಿಯಲು ಶುರು. ತೇವ ಅಳೆಯುವ ಮೀಟರು 71 ತೋರಿಸಿತು. ಆ ಗೋಡೆಯ ಎಂಟು ಚಿತ್ರವನ್ನೂ ಅವತ್ತೇ ಒಳಗಿನ ಗೋಡೆಗೆ ತಂದು, ಸ್ಟೋರಿನ ಪೆಟ್ಟಿಗೆಗಳಿಗೆ ಸಿಲಿಕಾ ಜೆಲ್ ಹಾಕಿದೆವು. ಮಾತ್ರೆ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣ ಇರುತ್ತಲ್ಲ, ಅದೇ, ದೊಡ್ಡದು. ನೀಲಿ ಹರಳು ತೇವ ಕುಡಿದು ಗುಲಾಬಿಗೆ ತಿರುಗಿದರೆ ತೆಗೆದು ಬಿಸಿ ಮಾಡಿ ಒಣಗಿಸಬೇಕು. ತುಂಬ ಜನ ಒಂದು ಸಲ ಹಾಕಿ ಮರೆತುಬಿಡುತ್ತಾರೆ, ಹಾಗೆ ಮರೆತ ಪೊಟ್ಟಣದಿಂದ ಯಾವ ಉಪಯೋಗವೂ ಇಲ್ಲ.

ನಾಲ್ಕೇ ಜನ ಅಂದೆ, ತಪ್ಪಾಯಿತು. ಮಂಡ್ಯದ ಡ್ರಾಯಿಂಗ್ ಮೇಡಂ ಇದ್ದಾರೆ, ಶನಿವಾರ ಭಾನುವಾರ ರೈಲಿನಲ್ಲಿ ಬರುತ್ತಾರೆ. ಸರ್ಕಾರಿ ಹೈಸ್ಕೂಲಿನಲ್ಲಿ ಕಲಿಸಿ ರಿಟೈರ್ ಆದವರು. ಚಿತ್ರದ ಪಕ್ಕದ ಚೀಟಿಗಳನ್ನು ಬರೆಯುವವರು ಅವರೇ. ಹುಡುಗ ಬರೆದ ಚೀಟಿ ಓದಿ, "ಇದು ಯಾರಿಗಪ್ಪಾ ಅರ್ಥ ಆಗ್ಬೇಕು?" ಅಂತ ನಾಲ್ಕು ಸಾಲನ್ನು ಒಂದೂವರೆ ಮಾಡುತ್ತಾರೆ.

ಅವರಿಬ್ಬರಿಗೂ ಬಿಡದೆ ನಡೆಯುವ ಜಗಳ ಒಂದಿದೆ, ಚಿತ್ರದ ಎತ್ತರದ್ದು. ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 155 ಸೆಂಟಿಮೀಟರ್ ಇರಬೇಕು ಅನ್ನೋದು ಗ್ಯಾಲರಿಗಳ ರೂಢಿ. ನಾವು 150 ಹಿಡಿದಿದ್ದೆವು. ಲೆಕ್ಕ ಸುಲಭ. 60 ಸೆಂಟಿಮೀಟರ್ ಎತ್ತರದ ಚಿತ್ರ ಅಂದುಕೊಳ್ಳಿ. 150ಕ್ಕೆ ಅದರ ಅರ್ಧ 30 ಕೂಡಿಸಿ, ಹಿಂದಿನ ತಂತಿಯನ್ನು ಮೇಲಕ್ಕೆ ಎಳೆದು ಹಿಡಿದಾಗ ಅದರ ತುದಿ ಚಿತ್ರದ ಮೇಲಂಚಿಗಿಂತ ಎಷ್ಟು ಕೆಳಗಿದೆಯೋ ಅಷ್ಟು, 8 ಅನ್ನಿ, ಕಳೆಯಿರಿ. ಮೊಳೆ 172ಕ್ಕೆ. ಮೇಡಂ ಒಂದು ಶನಿವಾರ ಸ್ಕೂಲ್ ಮಕ್ಕಳನ್ನು ಕರೆತಂದರು. ಐದನೇ ಕ್ಲಾಸಿನವರು ಕತ್ತು ಎತ್ತಿ ಎತ್ತಿ ನೋಡುತ್ತಿದ್ದರು. "140ಕ್ಕೆ ಇಳಿಸಿ" ಅಂದರು ಮೇಡಂ. ಆಗಲ್ಲ ಅಂದ ಹುಡುಗ. ಫ್ರೇಮ್ ಅಣ್ಣ ಅಷ್ಟರಲ್ಲಿ ಹಿತ್ತಲಿಗೆ ಹೋಗಿ ಹಳೇ ಪ್ಲೈವುಡ್ಡಿನಲ್ಲಿ ಉದ್ದಕ್ಕೆ ಒಂದು ಮೆಟ್ಟಿಲು ಕುಯ್ಯಲು ಕೂತಿದ್ದರು.

ಮಕ್ಕಳು ಬಂದಾಗ ಅದನ್ನು ಗೋಡೆ ಬುಡಕ್ಕೆ ಎಳೆದು ಹಾಕುತ್ತೇವೆ. ರಿಜಿಸ್ಟರಿನಲ್ಲಿ ಅದಕ್ಕೂ ಒಂದು ನಂಬರು ಕೊಟ್ಟಿದ್ದೀನಿ. ಬ್ಯಾಂಕಿನ ಸಾರ್ ಅದರ ಮುಂದೆ "ಮಾರಾಟಕ್ಕಿಲ್ಲ" ಅಂತ ಕೆಂಪು ಇಂಕಿನಲ್ಲಿ ಬರೆದಿದ್ದಾರೆ.