ಆಕ್ಸೆಸ್‌ನಲ್ಲಿ ಲೈಬ್ರರಿ ಲೆಕ್ಕ: ಮೊದಲು ಟೇಬಲ್‌ಗಳ ನಂಟು, ಆಮೇಲೆ ಫಾರ್ಮ್

ಶಾಲೆಯ ಲೈಬ್ರರಿ ಲೆಕ್ಕವನ್ನು ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶಕ್ಕೆ ಹಾಕಲು ಕೂತವರು ಸಾಮಾನ್ಯವಾಗಿ ಫಾರ್ಮ್‌ನಿಂದಲೇ, ಅಂದರೆ ಮಾಹಿತಿ ತುಂಬುವ ಪರದೆಯಿಂದಲೇ, ಶುರು ಮಾಡುತ್ತಾರೆ. ಕೆಡುವುದು ಅಲ್ಲೇ. ಸದಸ್ಯರ ಟೇಬಲ್‌ನಲ್ಲೇ ಪುಸ್ತಕ1, ಪುಸ್ತಕ2, ಪುಸ್ತಕ3 ಎಂದು ಕಾಲಂ ಹಾಕಿಬಿಡುತ್ತಾರೆ. ನಾಲ್ಕನೇ ಪುಸ್ತಕ ಕೊಟ್ಟರೆ ಎಲ್ಲಿ ಬರೆಯುವುದು? ಒಂದು ಪುಸ್ತಕ ಯಾರ ಹತ್ತಿರ ಇದೆ ಎಂದು ತಿಳಿಯಲು ಮೂರೂ ಕಾಲಂ ತಡಕಬೇಕು.

ಹಂತ 1: ಸದಸ್ಯರು, ಪುಸ್ತಕಗಳು ಎಂದು ಎರಡು ಟೇಬಲ್ ಮಾಡಿ. ಎರಡಕ್ಕೂ ಆಟೋನಂಬರ್ (ಆಕ್ಸೆಸ್ ತಾನೇ ಕೊಡುವ ಸಂಖ್ಯೆ) ಐಡಿಯೇ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ. ಫೋನ್ ನಂಬರನ್ನು ಕೀ ಮಾಡಬೇಡಿ, ಅದು ಬದಲಾಗುತ್ತದೆ.

ಹಂತ 2: ಇಲ್ಲಿ ಅವಸರ ಬೇಡ. ಒಬ್ಬರು ಹಲವು ಪುಸ್ತಕ ಒಯ್ಯುತ್ತಾರೆ, ಒಂದೇ ಪುಸ್ತಕ ಹಲವರ ಕೈಗೆ ಹೋಗುತ್ತದೆ. ಹಾಗಾಗಿ ನಡುವೆ ‘ಎರವಲು’ ಎಂಬ ಮೂರನೇ ಟೇಬಲ್ ಬೇಕೇ ಬೇಕು. ಅದರಲ್ಲಿ ಎರವಲು ಐಡಿ, ಸದಸ್ಯ ಐಡಿ, ಪುಸ್ತಕ ಐಡಿ, ಕೊಟ್ಟ ದಿನ, ವಾಪಸ್ ಬಂದ ದಿನ ಇರಲಿ. ಪ್ರತಿ ಸಲ ಕೊಟ್ಟಾಗಲೂ ಒಂದು ಹೊಸ ಸಾಲು. ವಾಪಸ್ ದಿನ ಖಾಲಿ ಇದ್ದರೆ ಪುಸ್ತಕ ಹೊರಗಿದೆ ಎಂದರ್ಥ, ಅದಕ್ಕೆ ಬೇರೆ ಕಾಲಂ ಬೇಡ.

ಈ ಟೇಬಲ್‌ನಲ್ಲಿ ಸದಸ್ಯ ಐಡಿ, ಪುಸ್ತಕ ಐಡಿ ಎರಡೂ ಆಟೋನಂಬರ್ ಅಲ್ಲ. ಡೇಟಾ ಟೈಪ್‌ನಲ್ಲಿ ನಂಬರ್ ಆರಿಸಿ, ಅಳತೆ (ಫೀಲ್ಡ್ ಸೈಜ್) ಲಾಂಗ್ ಇಂಟಿಜರ್ ಇಡಿ. ಡೀಫಾಲ್ಟ್ ವ್ಯಾಲ್ಯೂನಲ್ಲಿ 0 ಇದ್ದರೆ ಅಳಿಸಿ. ರಿಕ್ವೈರ್ಡ್ ಎಂಬಲ್ಲಿ ಯೆಸ್ ಹಾಕಿ. ಇಲ್ಲದಿದ್ದರೆ ಸದಸ್ಯರೇ ಇಲ್ಲದ ಎರವಲು ಸುಮ್ನೆ ಒಳಗೆ ಸೇರಿಕೊಳ್ಳುತ್ತದೆ.

ಈಗ ಡೇಟಾಬೇಸ್ ಟೂಲ್ಸ್‌ನಲ್ಲಿ ರಿಲೇಷನ್‌ಷಿಪ್ಸ್ ತೆರೆಯಿರಿ. ಸದಸ್ಯರ ಐಡಿಯನ್ನು ಎಳೆದು ಎರವಲಿನ ಸದಸ್ಯ ಐಡಿ ಮೇಲೆ ಬಿಡಿ. ಎನ್‌ಫೋರ್ಸ್ ರೆಫರೆನ್ಷಿಯಲ್ ಇಂಟೆಗ್ರಿಟಿಗೆ ಟಿಕ್ ಹಾಕಿ. ಸದಸ್ಯರ ಟೇಬಲ್‌ನಲ್ಲಿ ಇಲ್ಲದ ಐಡಿ ಎರವಲಿಗೆ ಬರದಂತೆ ತಡೆಯುವುದು ಇದೇ. ಗೆರೆಯ ಒಂದು ತುದಿಗೆ 1, ಇನ್ನೊಂದಕ್ಕೆ ಅನಂತದ ಗುರುತು ಬರಬೇಕು. ಪುಸ್ತಕಕ್ಕೂ ಹೀಗೇ. ಆಕ್ಸೆಸ್ ಒಪ್ಪದಿದ್ದರೆ ಟಿಕ್ ತೆಗೆದು ಮುಂದೆ ಹೋಗುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಫೀಲ್ಡ್‌ಗಳ (ಕಾಲಂಗಳ) ಬಗೆ ಹೊಂದುತ್ತಿಲ್ಲ, ಅಥವಾ ಎರವಲಿನ ಹಳೆಯ ಸಾಲುಗಳಲ್ಲಿರುವ ಐಡಿ ಸದಸ್ಯರ ಇಲ್ಲವೇ ಪುಸ್ತಕಗಳ ಟೇಬಲ್‌ನಲ್ಲಿ ಇಲ್ಲ ಎಂದು ಸಾಮಾನ್ಯವಾಗಿ ಅದು ಹೇಳುತ್ತಿರುವುದು. ಫೈಂಡ್ ಅನ್‌ಮ್ಯಾಚ್ಡ್ ಕ್ವೆರಿ ವಿಝಾರ್ಡ್ ಅಂಥ ಸಾಲುಗಳನ್ನು ಹುಡುಕಿಕೊಡುತ್ತದೆ.

ಅದೇ ಕಿಟಕಿಯಲ್ಲಿರುವ ಕ್ಯಾಸ್ಕೇಡ್ ಡಿಲೀಟ್ ಆಯ್ಕೆ ಮುಟ್ಟಲೇಬೇಡಿ. ಅದಕ್ಕೆ ಟಿಕ್ ಇದ್ದರೆ, ಒಬ್ಬ ಸದಸ್ಯರನ್ನು ಅಳಿಸಿದಾಗ ಅವರು ಇನ್ನೂ ಕೊಡದ ಪುಸ್ತಕಗಳ ಲೆಕ್ಕವೂ ಅಳಿಸಿಹೋಗುತ್ತದೆ.

ಪರೀಕ್ಷೆಗೆ, ಎರವಲು ಟೇಬಲ್ ತೆರೆದು, ಸದಸ್ಯರ ಟೇಬಲ್‌ನಲ್ಲಿ ಇಲ್ಲದ ಐಡಿ ಒಂದನ್ನು ಸದಸ್ಯ ಐಡಿ ಜಾಗದಲ್ಲಿ ಟೈಪ್ ಮಾಡಿ. ಅದು ಸೇವ್ ಆದರೆ ನಂಟು ಸರಿಯಾಗಿಲ್ಲ ಎಂದರ್ಥ, ಫಾರ್ಮ್‌ಗೆ ಇನ್ನೂ ಕೈ ಹಾಕಬೇಡಿ.

ಹಂತ 3: ಫಾರ್ಮ್ ವಿಝಾರ್ಡ್‌ನಲ್ಲಿ ಸದಸ್ಯರ ಮತ್ತು ಎರವಲಿನ ಫೀಲ್ಡ್ ಆರಿಸಿ, ಸದಸ್ಯರ ಪ್ರಕಾರ ನೋಡುವುದನ್ನು ಒತ್ತಿ. ನಂಟು ಸರಿ ಇದ್ದರೆ ಆ ಸದಸ್ಯರ ಎರವಲುಗಳನ್ನು ತೋರಿಸುವ ಸಬ್‌ಫಾರ್ಮ್ (ಫಾರ್ಮ್‌ನೊಳಗಿನ ಫಾರ್ಮ್) ತಾನಾಗಿ ಕೂರುತ್ತದೆ.

ಪುಸ್ತಕ ಐಡಿ ಜಾಗದಲ್ಲಿ ಕಾಂಬೋ ಬಾಕ್ಸ್ (ಪಟ್ಟಿಯಿಂದ ಆರಿಸುವ ಚೌಕ) ಇಡಿ. ಪಟ್ಟಿ ಎಲ್ಲಿಂದ ಬರಬೇಕು ಎಂದು ಹೇಳುವ ರೋ ಸೋರ್ಸ್‌ಗೆ ಪುಸ್ತಕಗಳ ಐಡಿ, ಹೆಸರು ಎರಡನ್ನೂ ಇದೇ ಕ್ರಮದಲ್ಲಿ ಕೊಡಿ. ಕಾಲಂ ಕೌಂಟ್ 2, ಬೌಂಡ್ ಕಾಲಂ 1, ಮೊದಲ ಕಾಲಂನ ಅಗಲ 0. ಕಣ್ಣಿಗೆ ಹೆಸರು ಕಾಣುತ್ತದೆ, ಒಳಗೆ ಐಡಿ ಉಳಿಯುತ್ತದೆ. ಇದೇ ಕೆಲಸವನ್ನು ಟೇಬಲ್‌ನಲ್ಲೇ ಮಾಡುವ ಲುಕಪ್ ವಿಝಾರ್ಡ್ ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಟೇಬಲ್‌ನಲ್ಲಿರುವ ನಿಜವಾದ ನಂಬರನ್ನೇ ಮರೆಮಾಡುತ್ತದೆ. ಮುಂದೆ ಕ್ವೆರಿ (ಟೇಬಲ್‌ನಿಂದ ಮಾಹಿತಿ ಹುಡುಕುವ ಪ್ರಶ್ನೆ) ಬರೆಯುವಾಗ, ಹೆಸರು ಕೊಟ್ಟು ಹುಡುಕಿದರೂ ಪುಸ್ತಕ ಯಾಕೆ ಸಿಗುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತೀರಿ.