ನಿಲ್ಲದ ನಾಲ್ಕನೆಯ ಅಂಕಿ

ನಮ್ಮ ಪ್ರಯೋಗಾಲಯದ ತಕ್ಕಡಿ 0.1 ಮಿಲಿಗ್ರಾಂವರೆಗೆ, ಅಂದರೆ ಗ್ರಾಂ ಲೆಕ್ಕದಲ್ಲಿ ದಶಮಾಂಶ ಬಿಂದುವಿನ ನಂತರದ ನಾಲ್ಕನೆಯ ಅಂಕಿಯವರೆಗೆ ತೋರಿಸುತ್ತದೆ. ಫೆಬ್ರವರಿಯ ಒಂದು ಮಧ್ಯಾಹ್ನ ಅದಕ್ಕೆ ಹುಚ್ಚು ಹಿಡಿಯಿತು. ಪ್ಲಾಸ್ಟಿಕ್ ತಟ್ಟೆಯಲ್ಲಿ ಸೋಡಿಯಂ ಕ್ಲೋರೈಡ್, ಅಂದರೆ ಉಪ್ಪು, ಇಟ್ಟರೆ ಅಂಕಿ ಇಳಿಯುತ್ತಲೇ ಹೋಯಿತು. ಗಾಜಿನ ಬಾಗಿಲು ತೆರೆದು ಮುಚ್ಚಿದರೆ ಮತ್ತೊಂದೇ ತೂಕ.

ಮಟ್ಟ ತೋರಿಸುವ ಗುಳ್ಳೆ ವೃತ್ತದ ನಡುವೆಯೇ ಇತ್ತು. ಫ್ಯಾನ್ ನಿಲ್ಲಿಸಿದೆ. ಯಂತ್ರ ಬೆಳಗಿನಿಂದ ಚಾಲೂ ಇದ್ದುದರಿಂದ ಬಿಸಿಯೇರಿಲ್ಲ ಎನ್ನುವಂತೆಯೂ ಇರಲಿಲ್ಲ. ರಿಪೇರಿಯವರಿಗೆ ಫೋನ್ ಮಾಡುವ ಮುನ್ನ, ಸುಮ್ಮನೆ, 100 ಗ್ರಾಂನ ತೂಕದ ಬಟ್ಟನ್ನು ಚಿಮಟದಿಂದ ಎತ್ತಿಟ್ಟೆ. 100.0001. ಎರಡು ನಿಮಿಷ ಕಾದರೂ ಅಲುಗಲಿಲ್ಲ!

ತಕ್ಕಡಿ ನಿರಪರಾಧಿ. ಉಪ್ಪು ತೇವ ಹೀರಿದ್ದರೆ ಅಂಕಿ ಏರಬೇಕಿತ್ತು, ಇಳಿಯಬಾರದಿತ್ತು. ಖಾಲಿ ತಟ್ಟೆ ಇಟ್ಟು ನೋಡಿದೆ: ಅದೂ ಓಡಾಡಿತು. ಒಣ ಹವೆ, ರಬ್ಬರ್ ಕೈಗವಸು, ಪ್ಲಾಸ್ಟಿಕ್ ಮೂರೂ ಸೇರಿದರೆ ಸ್ಥಿರ ವಿದ್ಯುತ್ತಿಗೆ ಇನ್ನೇನು ಬೇಕು? ವಿದ್ಯುದಾವೇಶ ಹೊತ್ತ ತಟ್ಟೆಗೂ ಸುತ್ತಲಿನ ಗಾಜಿಗೂ ನಡುವಿನ ಎಳೆದಾಟವನ್ನು ಯಂತ್ರ ಪಾಪ, ತೂಕವೆಂದೇ ಓದುತ್ತಿತ್ತು.

ಅಲ್ಯೂಮಿನಿಯಂ ಹಾಳೆಯನ್ನು ಮಡಚಿ ಪುಟ್ಟ ತಟ್ಟೆ ಮಾಡಿ, ಶೂನ್ಯಕ್ಕೆ ತಂದು, ಅದೇ ಉಪ್ಪನ್ನು ತೂಗಿದೆ. ಕೆಲವೇ ಸೆಕೆಂಡಿನಲ್ಲಿ ಅಂಕಿ ನಿಂತಿತು. ಕೋಣೆಯ ತೇವಾಂಶ ಮಾಪಕ 28% ತೋರಿಸುತ್ತಿತ್ತು. ಅದನ್ನು ಮೊದಲೇ ನೋಡಬೇಕಿತ್ತು. ಪ್ಲಾಸ್ಟಿಕ್ ತಟ್ಟೆಗಳ ಡಬ್ಬಿ ಈಗ ಮಳೆಗಾಲಕ್ಕೆಂದು ಕಪಾಟಿನ ಮೇಲೆ ಕುಳಿತಿದೆ.